ಉಂಗುರದ ಬೆರಳು

ಮೊದಲ ಸಲ ಹಾಗಾದದ್ದು ಹಾಡುಹಗಲಿನಲ್ಲಿ, ಚರ್ಚಿನೊಳಗೆ, ಮೈಕಿನ ಮುಂದೆ. ಹಿಲ್ಲೆಗೊಂಡಾ ಫೇನ್‌ಸ್ಟ್ರಾ ಹಳೆಯ ಫ್ರೆಂಚ್ ಅರಮನೆಗಳ ಕಾಲದ ಒಂದು ನೃತ್ಯಸಂಗೀತವನ್ನು ಹಾರ್ಪ್ಸಿಕಾರ್ಡಿನಲ್ಲಿ ನುಡಿಸುತ್ತಿದ್ದಳು. ಅದರಲ್ಲೊಂದು ಕಡೆ ಬಲಗೈಯ ನಡುಬೆರಳೂ ಉಂಗುರದ ಬೆರಳೂ ಸೇರಿ ಎರಡು ಸ್ವರಗಳನ್ನು ಪಟಪಟನೆ ಅದಲುಬದಲು ಮಾಡುವ ಕಂಪಿತ ಬರುತ್ತದೆ. ಚಿಕ್ಕಂದಿನಿಂದಲೂ ಉಸಿರಾಡಿದಷ್ಟು ಸಲೀಸಾಗಿ ನುಡಿಸುತ್ತ ಬಂದದ್ದು. ಅವತ್ತು ಉಂಗುರದ ಬೆರಳು ಕೀಲಿಯನ್ನು ಮುಟ್ಟಿದ್ದೇ ತಡ, ಅಂಗೈಯೊಳಗಿಂದ ಯಾರೋ ದಾರ ಕಟ್ಟಿ ಜಗ್ಗಿದ ಹಾಗೆ ಒಳಕ್ಕೆ ಮಡಚಿಕೊಂಡುಬಿಟ್ಟಿತು. ಸ್ವರಗಳು ಒಂದರ ಮೇಲೊಂದು ಬಿದ್ದು ಹೋದವು.

"ಏನಾಯ್ತು ಮೆವ್ರೌ? ಚೆನ್ನಾಗೇ ಹೋಗ್ತಿತ್ತಲ್ಲ," ಎಂದು ಸ್ಪೀಕರಿನಲ್ಲಿ ಕಾಸ್ಪರನ ದನಿ ಬಂತು. ಕಾಸ್ಪರ್ ರೆಕಾರ್ಡ್ ಕಂಪನಿಯವನು. ಹಾಲೆಂಡಿನ ರೂಢಿಯಂತೆ ಅವಳನ್ನು ಮೆವ್ರೌ, ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದ. ಪಕ್ಕದ ಕೋಣೆಯಲ್ಲಿ ಟೇಪ್ ಸುತ್ತುವ ಯಂತ್ರದ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದ.

"ಏನಿಲ್ಲ, ಜಾರಿತು. ಇನ್ನೊಂದ್ಸಲ ಹೋಗೋಣ."

ಇನ್ನೊಂದು ಸಲವೂ ಅದೇ ಜಾಗ, ಅದೇ ಬೆರಳು. ಮತ್ತೊಮ್ಮೆ ಶುರು ಮಾಡಿದಾಗ ಆ ಜಾಗ ಇನ್ನೂ ದೂರವಿರುವಾಗಲೇ ಅವಳ ಬೆನ್ನಲ್ಲಿ ಬೆವರಿಳಿಯಿತು. ಬೆವರುವ ಸೆಕೆಯೇನೂ ಇರಲಿಲ್ಲ. ಮಾರ್ಚ್ ತಿಂಗಳ ಚಳಿಗೆ ಕಾಲಡಿ ಬಿಸಿನೀರಿನ ಚೀಲ ಇಟ್ಟುಕೊಂಡೇ ಕೂತಿದ್ದಳು. ಬೆರಳು ಮತ್ತೆ ಮಡಚಿತು. ಹೊರಗೆ ಹೊಲದಲ್ಲಿ ಕಾಡುಬಾತುಗಳು ಒಟ್ಟಿಗೆ ಕೂಗಿಕೊಂಡವು. ಆ ಕೂಗನ್ನೇ ನೆಪ ಮಾಡಿಕೊಂಡು ಅವಳು ಕೈ ತೆಗೆದಳು.

"ಬಾತುಗಳದ್ದು ಬಿಡಿ, ಹೋಗ್ತವೆ. ನೀವು ಯಾಕೆ ನಿಲ್ಲಿಸಿದ್ರಿ?"

"ಈ ಕೀಲಿ ಅಂಟ್ತಾ ಇದೆ ಕಾಸ್ಪರ್," ಎಂದುಬಿಟ್ಟಳು. "ಒಳಗೆ ಗರಿ ಕೆಟ್ಟಿರ್ಬೇಕು. ಸೀಬ್ರನ್‌ನ ಕರೆಸಿ."

ಅಷ್ಟು ದೊಡ್ಡ ಸುಳ್ಳು ಅಷ್ಟು ಸರಾಗವಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ದಿಗಿಲಾಯಿತು.

ಸೀಬ್ರನ್ ಎಂದರೆ ಆ ವಾದ್ಯವನ್ನು ಕೈಯಾರೆ ಮಾಡಿದವನು, ಹಾರ್ಲೆಮ್ಮಿನಲ್ಲಿ ಕಾಲುವೆ ಬದಿಯ ಒಂದು ಹಳೆಯ ಉಗ್ರಾಣದಲ್ಲಿ ಅವನ ಕೆಲಸದ ಮನೆ. ಹಾರ್ಪ್ಸಿಕಾರ್ಡಿನಲ್ಲಿ ಪಿಯಾನೋದ ಹಾಗೆ ಸುತ್ತಿಗೆ ತಂತಿಯನ್ನು ಹೊಡೆಯುವುದಿಲ್ಲ, ಹಕ್ಕಿಗರಿಯ ಚೂರೊಂದು ಮೀಟುತ್ತದೆ. ಪಿಯಾನೋ ಬಂದ ಮೇಲೆ ಜನ ಅದನ್ನು ಅಟ್ಟಕ್ಕೆ ಹಾಕಿ ನೂರು ವರ್ಷ ಮರೆತೇಬಿಟ್ಟಿದ್ದರು. ಈ ಶತಮಾನದಲ್ಲಿ ಮತ್ತೆ ಆಸೆ ಹುಟ್ಟಿದಾಗ ಕಾರ್ಖಾನೆಗಳವರು ಅದಕ್ಕೆ ಕಬ್ಬಿಣದ ಚೌಕಟ್ಟು ಹಾಕಿ, ದಪ್ಪ ತಂತಿ ಬಿಗಿದು, ಕಾಲಡಿ ಪೆಡಲುಗಳನ್ನಿಟ್ಟು ಲಾರಿಯಂಥ ವಾದ್ಯ ಮಾಡಿದರು. ಹಿಲ್ಲೆಗೊಂಡಾ, ಹತ್ತಿರದವರ ಬಾಯಲ್ಲಿ ಹಿಲ್ಲೆ, ಹೆಸರು ಮಾಡಿದ್ದು ಆ ಲಾರಿಯ ಮೇಲೇ. ಅವಳ ರೆಕಾರ್ಡುಗಳು ಟೋಕಿಯೋದಿಂದ ಬ್ಯೂನಸ್ ಐರಿಸ್‌ವರೆಗೂ ಮನೆಮನೆಗಳಲ್ಲಿದ್ದವು. ಹೀಗಿರುವಾಗ ಒಂದು ಮಧ್ಯಾಹ್ನ ಸೀಬ್ರನ್‌ನ ಉಗ್ರಾಣಕ್ಕೆ ಹೋದವಳು, ಮುನ್ನೂರು ವರ್ಷದ ಹಿಂದಿನ ಆಂಟ್‌ವರ್ಪ್ ವಾದ್ಯವೊಂದನ್ನು ನೋಡಿ ಅವನು ಮಾಡಿದ್ದ ತೆಳ್ಳನೆಯ ಮರದ ಪೆಟ್ಟಿಗೆಯ ಮೇಲೆ ಸುಮ್ಮನೆ ಕೈಯಾಡಿಸಿದಳು. ಕೊಟ್ಟ ಕಾಫಿ ಆರಿಹೋಯಿತು. ಸಂಜೆ ಅವನೇ ದೀಪ ಹಾಕಿ, "ಮನೆಗೆ ಹೋಗಲ್ವೇನಮ್ಮಾ, ಗಂಡ ಬೈಯಲ್ವಾ?" ಎಂದು ಎಬ್ಬಿಸಿದ್ದ.

ಆವತ್ತಿನಿಂದ ಅವಳು ಕಾರ್ಖಾನೆಯ ವಾದ್ಯವನ್ನು ಮುಟ್ಟಲಿಲ್ಲ. ಪತ್ರಿಕೆಗಳು ನಕ್ಕವು. "ಮೆವ್ರೌ ಫೇನ್‌ಸ್ಟ್ರಾ ಈಗ ಸಿಗಾರ್ ಪೆಟ್ಟಿಗೆ ನುಡಿಸುತ್ತಿದ್ದಾರೆ" ಎಂದು ಒಬ್ಬ ಬರೆದ. ಕಂಪನಿಯವರು ಗೊಣಗಿಕೊಂಡೇ ಆರು ರೆಕಾರ್ಡುಗಳಿಗೆ ಒಪ್ಪಿದರು. ಈ ಪೆಟ್ಟಿಗೆ ತಂಟೆ ಮಾಡಿದರೆ ಕಾರ್ಖಾನೆಯ ವಾದ್ಯವೇ ಬರುತ್ತದೆ ಎಂದು ಮೊದಲೇ ಹೇಳಿದ್ದರು. ರೈಲು, ಟ್ರಾಮುಗಳ ಸದ್ದಿಲ್ಲದ ಜಾಗವೆಂದು ಆಲ್ಕ್‌ಮಾರಿನಾಚೆ ಹೊಲಗಳ ನಡುವಿನ ಈ ಚರ್ಚನ್ನು ಹುಡುಕಿದ್ದಾಗಿತ್ತು. ಎರಡು ರೆಕಾರ್ಡು ಆಗಲೇ ಮುಗಿದು ಈಗ ಮೂರನೆಯದು ನಡೆದಿತ್ತು.

ಸೀಬ್ರನ್ ಮಧ್ಯಾಹ್ನದ ಹೊತ್ತಿಗೆ ತನ್ನ ಹಳೇ ವ್ಯಾನಿನಲ್ಲಿ ಬಂದ. ಅವನದು ಒರಟು ಮೈ, ಹೊಗೆಸೊಪ್ಪಿನ ವಾಸನೆಯ ಸ್ವೆಟರು.

"ಏನಮ್ಮಾ ಹಿಲ್ಲೆ, ನನ್ನ ಮಗಳು ಮುನಿಸ್ಕೊಂಡಿದಾಳಂತೆ?"

ವಾದ್ಯವನ್ನು ಅವನು ಮಗಳೆಂದೇ ಕರೆಯುತ್ತಿದ್ದುದು. ಆ ಕೀಲಿಯನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಗರಿ ಸಿಕ್ಕಿಸಿದ ಒಳಗಿನ ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದ. ಅವನ ಹಣೆಯಲ್ಲಿ ಗೆರೆ ಮೂಡಿತು.

"ನಂಗೇನೂ ಕಾಣ್ತಿಲ್ವಲ್ಲ."

"ವೇಗವಾಗಿ ನುಡಿಸಿದ್ರೆ ಮಾತ್ರ ಅಂಟತ್ತೆ," ಎಂದಳು ಹಿಲ್ಲೆ, ಅವನ ಮುಖ ನೋಡದೆ.

"ನೀನು ಹೇಳಿದ್ಮೇಲೆ ಇರಲೇಬೇಕು. ನಿನ್ನ ಕೈಗೆ ತಿಳಿಯೋದು ನನ್ನ ಕಣ್ಣಿಗೆ ತಿಳಿಯತ್ತಾ?" ಎಂದವನೇ ಹೊಸ ಗರಿ ಕೆತ್ತಿ ಹಾಕಲು ಕೂತ. ಆ ನಂಬಿಕೆಯ ಮಾತು ಅವಳನ್ನು ಚುಚ್ಚಿತು. ಆದರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಅವಳು ಬೆರಳನ್ನು ಕಳ್ಳನ ಮೇಲೆ ಕಣ್ಣಿಟ್ಟ ಹಾಗೆ ನೋಡತೊಡಗಿದಳು. ರೊಟ್ಟಿಗೆ ಬೆಣ್ಣೆ ಸವರುವಾಗ ಅದು ನೆಟ್ಟಗಿತ್ತು. ಆಲೂಗಡ್ಡೆ ಸುಲಿಯುವಾಗ, ಕೋಟಿನ ಗುಂಡಿ ಹಾಕುವಾಗ, ಪೆನ್ನು ಹಿಡಿದಾಗ ಬೇರೆ ಬೆರಳುಗಳ ಜೊತೆ ಸಂಭಾವಿತನ ಹಾಗೆ ನಡೆದುಕೊಳ್ಳುತ್ತಿತ್ತು. ಊಟದ ಮೇಜಿನ ಅಂಚಿನ ಮೇಲೆ ಅದೇ ಕಂಪಿತವನ್ನು ಬಡಿದರೂ ತಪ್ಪುತ್ತಿರಲಿಲ್ಲ. 'ಹೋಯ್ತು ಬಿಡು, ಸರಿಯಾಯ್ತು' ಎಂದುಕೊಂಡು ಒಳಗಿನ ಕೋಣೆಗೆ ಓಡಿ ಅಭ್ಯಾಸಕ್ಕಿಟ್ಟಿದ್ದ ಚಿಕ್ಕ ವಾದ್ಯದ ಮುಂದೆ ಕೂತರೆ, ಕೀಲಿಗೆ ಹೊದಿಸಿದ ತಣ್ಣನೆಯ ಮೂಳೆ ತಗುಲಿದ ಗಳಿಗೆಯಲ್ಲೇ ಬೆರಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ನೋವಿಲ್ಲ, ಜೋಮಿಲ್ಲ. ನೋವಿದ್ದಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ತನ್ನದೇ ಕೈಗೆ ಬೇರೆ ಯಾರದೋ ಬೆರಳು ಅಂಟಿಸಿದಂತಾಗಿತ್ತು, ಅದಕ್ಕೆ ಅವಳ ಸಂಗೀತವೊಂದನ್ನು ಕಂಡರೆ ಮಾತ್ರ ಆಗದು.

"ಯಾಕೆ ಆಗ್ಲಿಂದ ಕೈ ನೋಡ್ಕೋತಿದೀಯ?" ಎಂದು ಗಂಡ ಒನ್ನೊ ಕೇಳಿದ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಮಕ್ಕಳ ನಕ್ಷೆಗಳನ್ನು ತಿದ್ದುತ್ತ ಎದುರಿಗೆ ಕೂತಿದ್ದ.

"ಚಳಿಗೆ ಒಡೆದಿದೆ."

"ಮುಲಾಮು ಹಚ್ಕೋ. ನಿನ್ನ ಕೈ ಅಂದ್ರೆ ದೇಶದ ಆಸ್ತಿ ಅಲ್ವಾ, ಒಡೆದ್ರೆ ಪೇಪರ್ನಲ್ಲಿ ಬರತ್ತೆ," ಎಂದು ನಕ್ಕ. ಅವಳೂ ನಕ್ಕಳು. ನಗುತ್ತಲೇ ಕೈಯನ್ನು ಮೇಜಿನ ಕೆಳಗೆ ಸರಿಸಿಕೊಂಡಳು.

ಅವಳು ಕಲಿಯುತ್ತಿದ್ದ ಕಾಲಕ್ಕೆ ಸಂಗೀತಶಾಲೆಯಲ್ಲಿ ಅವಳಿಗಿಂತ ಮೇಲಿನ ತರಗತಿಯಲ್ಲೊಬ್ಬ ಪಿಯಾನೋ ನುಡಿಸುವವನಿದ್ದ. ಒಂದು ವರ್ಷ ರಜೆ ಮುಗಿಸಿ ಬಂದವನು ನುಡಿಸಲೇ ಇಲ್ಲ. 'ಅವನ ಕೈ ಹೋಯ್ತಂತೆ' ಎಂದು ಮೆಟ್ಟಿಲ ಮೇಲೆ ನಿಂತು ಜನ ಪಿಸುಗುಟ್ಟುತ್ತಿದ್ದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ, ಅಂಟುರೋಗವೇನೋ ಎಂಬಂತೆ. ಆ ಮಾತು ಈಗ ಪಾತ್ರೆ ತೊಳೆಯುವಾಗಲೂ ಸೈಕಲ್ ತುಳಿಯುವಾಗಲೂ ಅವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಹಿಲ್ಲೆಯ ಕೈ ಹೋಯ್ತಂತೆ.

ಯಾರಿಗೂ ಹೇಳದೆ ಲೈಡನ್ನಿಗೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಸೂಜಿಯಿಂದ ಚುಚ್ಚಿದರು, ಮೊಣಕೈಗೆ ತಟ್ಟಿದರು, ತಮ್ಮ ಕೈಯನ್ನೇ ಕೊಟ್ಟು 'ಹಿಂಡಿ' ಎಂದರು. ಹಿಂಡಿದಳು.

"ಅಬ್ಬಬ್ಬ! ನಿಮ್ಮ ಕೈ ನನ್ನದಕ್ಕಿಂತ ಗಟ್ಟಿಯಾಗಿದೆಯಲ್ಲ ಮೆವ್ರೌ. ಯೋಚನೆ ಜಾಸ್ತಿ ಮಾಡ್ತೀರಿ ಅಷ್ಟೆ. ಸಮುದ್ರದ ಕಡೆ ನಾಲ್ಕು ದಿನ ಓಡಾಡಿ ಬನ್ನಿ."

"ಆದ್ರೆ ಡಾಕ್ಟ್ರೇ, ವಾದ್ಯ ಮುಟ್ಟಿದಾಗ ಮಾತ್ರ ಹೀಗೆ..."

"ಹಾಗಾದ್ರೆ ಮುಟ್ಟಬೇಡಿ!" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅವಳು ಸಮುದ್ರದ ಕಡೆ ಹೋಗಲಿಲ್ಲ, ಚರ್ಚಿಗೇ ಹೋದಳು. ಪ್ರತಿಯೊಂದು ನೃತ್ಯಕ್ಕೂ ಹೊಸದಾಗಿ ಬೆರಳುಗಳನ್ನು ಗೊತ್ತುಮಾಡಿಕೊಂಡಿದ್ದಳು. ಉಂಗುರದ ಬೆರಳಿನ ಕೆಲಸವನ್ನೆಲ್ಲ ನಡುಬೆರಳಿಗೂ ಕಿರುಬೆರಳಿಗೂ ಹಂಚಿ, ಆ ಬೆರಳನ್ನು ಗಾಳಿಯಲ್ಲಿ ಎತ್ತಿಹಿಡಿದು ನುಡಿಸಿದಳು. ಕಾಲು ಮುರಿದ ಕುದುರೆಯನ್ನು ಓಟಕ್ಕೆ ಬಿಟ್ಟ ಹಾಗಿತ್ತು. ಆದರೂ ಅವಳಂಥ ಕೈ ಇನ್ನೊಂದಿರಲಿಲ್ಲ. ಹಾಗೂ ಹೀಗೂ ಮೂರನೆಯ ರೆಕಾರ್ಡು ಮುಗಿಯಿತು, ನಾಲ್ಕನೆಯದೂ ಮುಗಿಯಿತು. ಕಾಸ್ಪರ್ ಟೇಪು ಕೇಳಿಸಿ "ದೇವತೆ ನುಡಿಸಿದ ಹಾಗಿದೆ" ಎಂದ. ಹೆಡ್‌ಫೋನಿನಲ್ಲಿ ಅವಳಿಗೆ ಮಾತ್ರ ಸ್ವರಗಳ ಹಿಂದೆ ತನ್ನ ಉಸಿರು ಕೇಳುತ್ತಿತ್ತು. ಓಡಿಬಂದು ಅಡಗಿ ನಿಂತವರು ಉಸಿರಾಡುವ ಹಾಗೆ.

ಐದನೆಯ ರೆಕಾರ್ಡು ಅರ್ಧ ಮುಗಿದಿದ್ದಾಗ ಒಂದು ಬೆಳಿಗ್ಗೆ ಕಿರುಬೆರಳೂ ಮಡಚಿತು.

ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಎರಡು ಬೆರಳುಗಳನ್ನು ನೋಡಿದಳು. ಈಗ ನೆಟ್ಟಗೆ, ಏನೂ ಅರಿಯದವರ ಹಾಗೆ ಮಲಗಿದ್ದವು. ನಾಳೆ ನಡುಬೆರಳು. ನಾಡಿದ್ದು ಎಡಗೈ. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು. ಎದ್ದು ಹೊರಗೋಡಬೇಕೆನ್ನಿಸಿತು.

"ಮತ್ತೆ ಆ ಪೆಟ್ಟಿಗೇನಾ?" ಎಂದು ಕಾಸ್ಪರ್ ಕೇಳಿದ. ಈ ಸಲ ಸ್ಪೀಕರಿನಲ್ಲಿ ಅಲ್ಲ, ಎದುರಿಗೇ ಬಂದು ನಿಂತಿದ್ದ.

ಅವಳು ಹೌದೆಂದು ತಲೆಯಾಡಿಸಿದಳು.

"ನೋಡಿ ಮೆವ್ರೌ, ನಾನು ನಿಮ್ಮ ಕಡೆಯವನೇ. ಆದ್ರೆ ಕಂಪನಿಗೆ ಎಷ್ಟು ಸಲ ಅಂತ ಸಮಾಧಾನ ಹೇಳ್ಲಿ? ಗುರುವಾರ ಕಾರ್ಖಾನೆ ವಾದ್ಯ ಕಳಿಸ್ತಾರಂತೆ. ಸೀಬ್ರನ್‌ಗೂ ಫೋನ್ ಮಾಡಿದಾರೆ, ತಮ್ಮದನ್ನ ತಗೊಂಡ್ಹೋಗಿ ಅಂತ."

ಮರುದಿನ ಸೀಬ್ರನ್ ಬಂದಾಗ ಚರ್ಚಿನಲ್ಲಿ ಹಿಲ್ಲೆ ಒಬ್ಬಳೇ ಇದ್ದಳು. ಕಾಸ್ಪರ್ ಊರೊಳಗೆ ಊಟಕ್ಕೆ ಹೋಗಿದ್ದ. ಸೀಬ್ರನ್ ಎಂದಿನಂತೆ ತಮಾಷೆ ಮಾಡಲಿಲ್ಲ. ಕಂಬಳಿಗಳನ್ನು ನೆಲಕ್ಕೆ ಹಾಸಿ, ಕೀಲಿಮಣೆಯ ಮುಂದೆ ಮಂಡಿಯೂರಿ, ಗರಿಕಡ್ಡಿಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಯಲ್ಲಿ ಇಡತೊಡಗಿದ. ಪ್ರತಿ ಕಡ್ಡಿಯನ್ನೂ ಕಣ್ಣಿನ ಹತ್ತಿರಕ್ಕೆ ತಂದು ನೋಡುತ್ತಿದ್ದ.

"ವಾದ್ಯ ಮಾಡ್ಕೊಡು ಅಂತ ಕೇಳಿದ್ದ ಉಟ್ರೆಕ್ಟಿನವರಿಗೆ ಹೇಳ್ಬಿಟ್ಟೆ, ನಿಮ್ಮ ವಾದ್ಯ ಈಗ ತಗೋಬೇಡಿ ಅಂತ," ಎಂದ. "ಗೆಂಟಿನವರಿಗೂ ಹೇಳ್ದೆ. ತಪ್ಪು ಎಲ್ಲಿದೆ ಅಂತ ನಂಗೇ ಗೊತ್ತಿಲ್ದೆ ಹೆಂಗೆ ಕೊಡ್ಲಿ?"

"ಸೀಬ್ರನ್..."

"ಇರು, ಹೇಳಿಬಿಡ್ತೀನಿ. ಎಲ್ಲ ಬಿಚ್ಚಿ ನೋಡ್ದೆ. ಗರಿ ಬದಲಾಯಿಸ್ದೆ, ಕಡ್ಡಿ ಉಜ್ಜಿದೆ. ನಂಗೆ ಸಿಗ್ತಿಲ್ಲ ಹಿಲ್ಲೆ. ನಿಂಗೆ ಕೈಯಲ್ಲಿ ಸಿಕ್ಕಿದ್ದು ನಂಗೆ ಕಾಣ್ಲಿಲ್ಲ, ಕೇಳ್ಸಲೂ ಇಲ್ಲ. ನಮ್ಮಪ್ಪ ಕಣ್ಣು ಹೋಗೋವಾಗ ಹೀಗೇ ಇದ್ದ, ಎಲ್ಲ ನೆಟ್ಟಗಿದೆ ಅಂತ್ಲೇ ಹೇಳ್ತಿದ್ದ. ಹೆಂಡತಿಗೂ ಹೇಳಿಲ್ಲ ನಾನು. ಹೆದರಿಕೆ ಆಗತ್ತೆ ಕಣಮ್ಮಾ."

ಅವಳು ಕಂಬದ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಇಷ್ಟು ದಿನ ತನ್ನ ಹೆದರಿಕೆ ತನ್ನೊಳಗೇ ಇದೆಯೆಂದುಕೊಂಡಿದ್ದಳು. ಅದು ಈ ದೊಡ್ಡ ಮನುಷ್ಯನ ಮೈಗೂ ಹತ್ತಿ, ಇಲ್ಲದ ಕುರುಡುತನವನ್ನು ಅವನ ಕಣ್ಣಿಗೆ ತಂದಿತ್ತು. ಎದ್ದು ಬಂದಳು. ಇನ್ನೂ ಗರಿಕಡ್ಡಿ ತೆಗೆಯದೆ ಉಳಿದಿದ್ದ ಮೇಲಿನ ಸ್ವರಗಳ ಮುಂದೆ ನಿಂತಳು.

"ಇಲ್ಲಿ ನೋಡು," ಎಂದಳು. "ವಾದ್ಯಾನಲ್ಲ. ನನ್ನ ಕೈ ನೋಡು."

ಕಂಪಿತ ನುಡಿಸಿದಳು. ಬೆರಳುಗಳೆರಡೂ ಸುಟ್ಟ ಎಲೆಯ ಹಾಗೆ ಒಳಕ್ಕೆ ಮುದುಡಿದವು. ಮತ್ತೆ ನುಡಿಸಿದಳು. ಮತ್ತೆ ಮುದುಡಿದವು. ಸೀಬ್ರನ್ ಮಂಡಿಯೂರಿದಲ್ಲೇ ನೋಡಿದ.

"ಮೊದಲಿಂದ್ಲೂ?"

"ಮೊದಲಿಂದ್ಲೂ. ನಿನ್ನ ಮಗಳದ್ದು ಏನೂ ತಪ್ಪಿಲ್ಲ. ಅಂಟಿದ್ದು ನಾನು."

ಅವನು ಎದ್ದು ನಿಂತ. ಮುಖ ಕೆಂಪಗಾಗಿತ್ತು.

"ನಾನು ಕುರುಡಾಗ್ತಿದೀನಿ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ. ಆಮೇಲೆ ಚರ್ಚು ಗುಡುಗುವಂತೆ ಕೂಗಿದ: "ನಾನು ಕುರುಡಾಗ್ತಿದೀನಿ ಅಂದ್ಕೊಂಡಿದ್ದೆ ಕಣೇ! ನೀನು ನೋಡ್ತಾ ಕೂತಿದ್ಯಲ್ಲ!" ಕೈಯಲ್ಲಿದ್ದ ಕಡ್ಡಿಯನ್ನು ಕಂಬಳಿಯ ಮೇಲೆ ಎಸೆದು, ಬಾಗಿಲನ್ನು ದಢಾರನೆ ದೂಡಿಕೊಂಡು ಹೊರಟುಹೋದ.

ಅವಳು ಕಿಟಕಿಯಿಂದ ನೋಡಿದಳು. ಸಮಾಧಿಗಳ ನಡುವೆ ಗಾಳಿಗೆ ಬೆನ್ನು ಕೊಟ್ಟು ಸಿಗರೇಟು ಹಚ್ಚಲು ಹೆಣಗಾಡುತ್ತಿದ್ದ. ವ್ಯಾನು ಹತ್ತಿ ಹೊರಟುಬಿಡುತ್ತಾನೆ ಎಂದುಕೊಂಡಳು. ಹೊರಡಲಿಲ್ಲ. ಒಳಗೆ ಬಂದು, ಅವಳ ಕಡೆ ನೋಡದೆ, ಎಸೆದ ಕಡ್ಡಿಯನ್ನು ಎತ್ತಿಕೊಂಡು, ತೆಗೆದಿಟ್ಟದ್ದನ್ನೆಲ್ಲ ಮತ್ತೆ ಒಂದೊಂದಾಗಿ ವಾದ್ಯದೊಳಗೆ ಇಳಿಸತೊಡಗಿದ.

"ನೋಯತ್ತಾ?" ಎಂದು ಕೇಳಿದ, ಇನ್ನೂ ಸಿಟ್ಟಿನ ದನಿಯಲ್ಲೇ.

"ಇಲ್ಲ. ಅದಕ್ಕೇ ಭಯ."

"ಒನ್ನೊಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ."

"ಕಾಸ್ಪರ್ ಬರ್ತಿದ್ದಂಗೆ ಹೇಳು. ನೀನು ಹೇಳ್ದಿದ್ರೆ ನಾನು ಹೇಳ್ತೀನಿ. ನನ್ನ ಮಗಳ ಹೆಸರು ಕೆಟ್ಟಿದೆ."

ಕಾಸ್ಪರ್ ಬಂದ. ಹೇಳಿದಳು. ಅವನು ಸಿಟ್ಟಾಗುತ್ತಾನೆ, ಕಂಪನಿಗೆ ಫೋನು ಮಾಡುತ್ತಾನೆ, ಸಂಜೆಯೊಳಗೆ ಊರಿಗೆಲ್ಲ 'ಹಿಲ್ಲೆಯ ಕೈ ಹೋಯ್ತಂತೆ' ಎಂದು ಹಬ್ಬುತ್ತದೆ ಎಂದು ಕಾದಳು. ಕಾಸ್ಪರ್ ಬೆಂಚಿನ ಮೇಲೆ ಕುಸಿದು ಕೂತ.

"ಅಂದ್ರೆ ಮೂರನೇದು, ನಾಲ್ಕನೇದು... ಅವನ್ನ ಹೀಗೇ ನುಡಿಸಿದ್ರಾ? ಈ ಬೆರಳಿಲ್ದೆ?"

"ಹೂಂ."

"ದೇವ್ರೇ," ಎಂದ. ಆಮೇಲೆ ಕಸುಬಿನ ಮಾತಿಗೆ ಬಂದ. "ಐದನೇದರಲ್ಲಿ ಒಂದು ಮಗ್ಗುಲಿಗೆ ಆಗೋಷ್ಟು ಟೇಪು ಇದೆ. ಇನ್ನೊಂದು ಮಗ್ಗುಲಿಗೆ ಏನಾದ್ರೂ ಇದೆಯಾ, ನೀವು ನುಡಿಸೋಕಾಗೋದು? ಇಲ್ಲ ಅಂದ್ರೆ ಇಲ್ಲ ಅನ್ನಿ. ಬಲವಂತ ಮಾಡಲ್ಲ."

ಇತ್ತು. ತಾಳವಿಲ್ಲದ ಒಂದು ನಿಧಾನದ ಆಲಾಪ. ಸ್ವರಗಳನ್ನಷ್ಟೇ ಬರೆದು, ಯಾವುದು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನುಡಿಸುವವರಿಗೇ ಬಿಟ್ಟ ಬಗೆಯದು. ಎಡಗೈಗೇ ಹೆಚ್ಚು ಕೆಲಸ. ಬಲಗೈಗೆ ಮೂರು ಬೆರಳು ಸಾಕು. ಅದೂ ಸಾಲದೆ ಹೋದರೆ?

ಸೀಬ್ರನ್ ಶ್ರುತಿ ಮಾಡಿಕೊಟ್ಟು, "ನುಡಿಸು," ಎಂದಷ್ಟೇ ಹೇಳಿ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತ. ಟೇಪು ತಿರುಗತೊಡಗಿತು. ಹಿಲ್ಲೆ ಕೈ ಇಟ್ಟಳು. ಅಷ್ಟು ಹೆದರಿಕೊಂಡು ಅವಳು ಯಾವತ್ತೂ ನುಡಿಸಿರಲಿಲ್ಲ, ಮೊದಲ ಕಛೇರಿಯಲ್ಲೂ. ಪ್ರತಿ ಸ್ವರದ ಮುಂದೆಯೂ ಈ ಬೆರಳು ನಿಲ್ಲುತ್ತದೆಯೋ ಇಲ್ಲವೋ ಎಂದು ಕಾದಳು. ಬೆರಳು ನಿಂತ ಮೇಲಷ್ಟೇ ಮುಂದಿನ ಸ್ವರಕ್ಕೆ ಹೆಜ್ಜೆ ಇಟ್ಟಳು, ಕತ್ತಲೆ ಮನೆಯಲ್ಲಿ ಗೋಡೆ ತಡವಿಕೊಂಡು ನಡೆಯುವವಳ ಹಾಗೆ. ಒಂದು ಕಡೆ ನಡುಬೆರಳು ಅದುರಿತು. ಅವಳು ಅಲ್ಲೇ ನಿಂತಳು. ತಂತಿಯ ದನಿ ಚರ್ಚಿನ ಮರದ ಛಾವಣಿಗೆ ಹೋಗಿ ಕರಗುವವರೆಗೂ ನಿಂತು, ಆಮೇಲೆ ತೋರುಬೆರಳಿನಲ್ಲಿ ಆ ಸ್ವರವನ್ನು ಮುಟ್ಟಿದಳು. ಮುಗಿದಾಗ ಅವಳ ರವಿಕೆ ಬೆನ್ನಿಗೆ ಅಂಟಿತ್ತು.

ಸ್ಪೀಕರಿನಲ್ಲಿ ಯಂತ್ರ ನಿಂತ ಸದ್ದು ಕೇಳಿತು. ಆಮೇಲೆ, "ಇನ್ನೊಂದ್ಸಲ ಬೇಡ ಮೆವ್ರೌ," ಎಂದ ಕಾಸ್ಪರ್. "ಇದೇ ಸಾಕು."

ಸಂಜೆ ಒನ್ನೊ ಬಟಾಣಿ ಸೂಪು ಬಿಸಿ ಮಾಡುತ್ತಿದ್ದ. ಅವಳು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಕೈ ಹೋಯ್ತು ಒನ್ನೊ," ಎಂದಳು. ಆ ಮಾತನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಬೇಕೆಂದು ಬಸ್ಸಿನಲ್ಲಿ ಕೂತು ನಿಶ್ಚಯಿಸಿದ್ದಳು.

ಅವನು ಸೌಟು ಹಿಡಿದುಕೊಂಡೇ ಅವಳ ಕೈಗಳನ್ನು ನೋಡಿದ. "ಎರಡೂ ಇದೆಯಲ್ಲೇ," ಎಂದು ತಮಾಷೆ ಮಾಡಹೋದವನು, ಅವಳ ಮುಖ ನೋಡಿ ಸೌಟು ಕೆಳಗಿಟ್ಟ. ಅವಳು ಎಲ್ಲ ಹೇಳುವವರೆಗೂ ಆ ಎರಡು ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಸೂಪು ತಳ ಹಿಡಿಯಿತು. ಇಬ್ಬರೂ ಅದನ್ನೇ ಉಂಡರು.

ಐದೇ ರೆಕಾರ್ಡುಗಳು ಹೊರಬಂದವು. ಸಿಗಾರ್ ಪೆಟ್ಟಿಗೆ ಎಂದು ಬರೆದವನು ಈ ಸಲ ಏನನ್ನೂ ಬರೆಯಲಿಲ್ಲ. ಉಳಿದವರು ಬರೆದರು. ಆ ಕೊನೆಯ ಆಲಾಪವನ್ನು ಕೇಳಿದವರು ಅದರ ಮೌನಗಳ ಬಗ್ಗೆ ಉದ್ದುದ್ದ ಹೇಳಿದರು. ಏನೇನೋ ದೊಡ್ಡ ಅರ್ಥ ಹಚ್ಚಿದರು. ಹಿಲ್ಲೆ ಅದನ್ನು ಒಮ್ಮೆ ಕೇಳಲು ಕೂತು, ಅರ್ಧಕ್ಕೇ ಸೂಜಿ ಎತ್ತಿಬಿಟ್ಟಳು. ಸೀಬ್ರನ್‌ನ ಉಗ್ರಾಣಕ್ಕೆ ಜನ ಸಾಲುಗಟ್ಟಿದರು. ಅವನು ಅವಳ ಮನೆಗೆ ಬರಲು ಬಹಳ ತಿಂಗಳು ತೆಗೆದುಕೊಂಡ. ಬಂದ ದಿನವೂ ಕ್ಷಮಿಸಿದೆನೆಂದು ಹೇಳಲಿಲ್ಲ. ಉಪ್ಪುಮೀನಿನ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು, "ನಾವು ಫ್ರೀಸ್‌ಲ್ಯಾಂಡಿನವರು ಸಿಟ್ಟು ಬೇಗ ಬಿಡಲ್ಲ, ಗೊತ್ತಲ್ಲ. ಇದಕ್ಕೆ ಈರುಳ್ಳಿ ಹೆಚ್ಚಿಕೊಡು," ಎಂದ.

ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಸಂಗೀತಶಾಲೆಯವರು ಪಾಠ ಹೇಳಲು ಕರೆದರು. ಮೊದಲ ದಿನ ಅವಳು ಕೋಣೆಯ ಹೊರಗೆ ಬಹಳ ಹೊತ್ತು ನಿಂತಿದ್ದಳು. ಒಳಗಿದ್ದ ವಿದ್ಯಾರ್ಥಿನಿ ಯೋರಿಂಡ, ಗ್ರೋನಿಂಗೆನ್ ಕಡೆಯ ದಿಟ್ಟ ಹೆಣ್ಣು, ಸೀಬ್ರನ್ ಮಾಡಿದ ವಾದ್ಯದ ಮೇಲೆ ಆಗಲೇ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ನುಡಿಸಿದಳು. ಕಂಪಿತ ಬಂದ ಕಡೆಯಲ್ಲಿ ಹೊಲಿಗೆಯಂತ್ರದ ಹಾಗೆ ಸದ್ದು ಮಾಡಿದಳು.

"ಹಾಗಲ್ಲ," ಎಂದಳು ಹಿಲ್ಲೆ.

"ಮತ್ತೆ ಹೆಂಗೆ? ಒಂದ್ಸಲ ನುಡಿಸಿ ತೋರಿಸಿ ಮೆವ್ರೌ. ನಿಮ್ಮ ರೆಕಾರ್ಡು ಕೇಳಿ ಕೇಳಿ ಸವೆದ್ಹೋಗಿದೆ, ಎದುರಿಗೆ ನೋಡ್ಬೇಕು," ಎಂದು ಯೋರಿಂಡ ಎದ್ದು ಜಾಗ ಬಿಟ್ಟಳು.

ಖಾಲಿ ಕುರ್ಚಿ. ಕಪ್ಪು ಕೀಲಿಗಳ ಸಾಲು. ಹಿಲ್ಲೆಯ ಬಾಯಿ ಒಣಗಿತು, ಅದೇ ಬೆವರು ಬೆನ್ನಲ್ಲಿ ಇಳಿಯಿತು. 'ಕೀಲಿ ಅಂಟ್ತಾ ಇದೆ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನಂಗೆ ಆಗಲ್ಲ," ಎಂದಳು. "ಕೈಗೆ ಕಾಯಿಲೆ. ಬೆರಳು ಮಡಚ್ಕೊಳ್ತವೆ. ಕೂತ್ಕೋ, ಹಾಡಿ ತೋರಿಸ್ತೀನಿ."

ಅವಳ ದನಿ ಚೆನ್ನಾಗಿರಲಿಲ್ಲ, ಯಾವತ್ತೂ ಇರಲಿಲ್ಲ. ಆದರೂ ಹಾಡಿದಳು. ಮೊದಲ ಸ್ವರದ ಮೇಲೆ ಸ್ವಲ್ಪ ಒರಗಿ, ತಡೆದು, ಆಮೇಲೆ ಮೆಲ್ಲಗೆ ಬಿಟ್ಟು, ಕೊನೆಯಲ್ಲಿ ಓಡಿಸಿ. ಯೋರಿಂಡ ಬೆರಗಾಗಿ ಕೇಳಿದಳು, ನಗು ತಡೆದುಕೊಂಡಳು, ಕೂತಳು.

"ಮೊದಲನೆ ಸ್ವರಕ್ಕೆ ಒರಗ್ಬೇಕಾ?"

"ಒರಗು. ಅವಸರ ಏನಿದೆ?"

ಯೋರಿಂಡ ಕೈ ಇಟ್ಟಳು. ಹಿಲ್ಲೆ ಅವಳ ಉಂಗುರದ ಬೆರಳನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಅದು ನೆಟ್ಟಗಿತ್ತು.

"ಇನ್ನೂ ಗಡಿಬಿಡಿ," ಎಂದಳು. "ಈಗ ನೀನೂ ಹಾಡು. ಹಾಡಿದ ಮೇಲೆ ನುಡಿಸು."